ಹಿಂದಿನ ಬ್ರೇಕಿನ ಪಿಸ್ಟನ್ ಮತ್ತು ನನ್ನ ಒಂದೂವರೆ ದಿನ

ನಮ್ಮದು ಉಡುಪಿ ಕಡೆ, ಸಮುದ್ರಕ್ಕೆ ಹತ್ತಿರದ ಮನೆ. ಕಬ್ಬಿಣದ ಯಾವ ವಸ್ತುವೂ ಇಲ್ಲಿ ಎರಡು ಮಳೆಗಾಲದ ಮೇಲೆ ಮೊದಲಿನ ಹಾಗೆ ಉಳಿಯುವುದಿಲ್ಲ. ಕಳೆದ ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಮೂರು ವಾರ ಬೆಂಗಳೂರಿಗೆ ಹೋಗುವಾಗ ನನ್ನ ಹಳೇ ಡೀಸೆಲ್ ಸೆಡಾನನ್ನು ಶೆಡ್ಡಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟಿದ್ದೆ. ತಿರುಗಿ ಬಂದು ಮಂಗಳೂರಿಗೊಮ್ಮೆ ಹೋಗಿ ಬಂದೆ. ಇಳಿದಾಗ ಬಲಗಡೆ ಹಿಂದಿನ ಚಕ್ರದಿಂದ ಸುಟ್ಟ ವಾಸನೆ. ಒಂದು ಚೊಂಬು ನೀರು ಹೊಯ್ದರೆ ಚುರ್ರೆಂದಿತು. ಎಡಗಡೆಯದು ಸುಮ್ಮನಿತ್ತು.

ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವುದು ಹೇಗೂ ಬಾಕಿ ಇತ್ತು. ಮನೆಯಲ್ಲೇ ಮಾಡೋಣ ಎಂದುಕೊಂಡೆ. ಹಿಂದಿನ ಬ್ರೇಕಿನ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಟ್ಟಿರಲೇಬೇಕು, ಅಂದರೆ ಗಾಡಿಯನ್ನು ಹಿಡಿಯಲು ಬೇರೆ ಏನಾದರೂ ಬೇಕು. ಮೊದಲನೇ ಗೇರಿಗೆ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಕೆಂಪುಕಲ್ಲು ಕೊಟ್ಟೆ. ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಕೈಹಾಕುವವನು ನಾನಲ್ಲ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಲು 13ರ ಬೋಲ್ಟ್. ಅದರ ಹಿಂದಿನ ಪಿನ್ ಜೊತೆಗೇ ತಿರುಗದಂತೆ 15ರ ಸಪೂರ ಸ್ಪ್ಯಾನರ್ ಹಿಡಿಯಬೇಕು. ಹೊರಗಿನ ಪ್ಯಾಡಿನಲ್ಲಿ ಇನ್ನೂ ಅರ್ಧ ಇತ್ತು, ಒಳಗಿನದು ತಗಡಿನವರೆಗೆ ಸವೆದಿತ್ತು.

ಹೊಸ ಪ್ಯಾಡಿಗೆ ಜಾಗವಾಗಲು ಕ್ಯಾಲಿಪರಿನ ಪಿಸ್ಟನ್ ಒಳಗೆ ಹೋಗಬೇಕು. ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಮುಂದಿನ ಬ್ರೇಕಿನಲ್ಲಿ ಎಷ್ಟೋ ಸಲ ಮಾಡಿದ್ದೆನಲ್ಲ, ಅದೇ ರೂಢಿಯಲ್ಲಿ ಜಿ-ಕ್ಲ್ಯಾಂಪ್ ಹಾಕಿ ಬಿಗಿಸಿದೆ. ಕ್ಲ್ಯಾಂಪ್ ಕಿರುಗುಟ್ಟಿತು, ಪಿಸ್ಟನ್ ಕೂದಲೆಳೆಯಷ್ಟೂ ಜರುಗಲಿಲ್ಲ. ಇನ್ನೊಂದು ಸುತ್ತು ಕೊಡುವ ಮೊದಲು ಟಾರ್ಚ್ ಹಾಕಿ ಪಿಸ್ಟನ್ನಿನ ಮುಖ ನೋಡಿದ್ದು ನನ್ನ ಪುಣ್ಯ. ಎದುರುಬದುರು ಎರಡು ಕಚ್ಚು ಕೊರೆದಿತ್ತು. ಅಂದರೆ ಇದು ತಿರುಗಿಸಿ ಒಳಗೆ ಹಾಕುವ ಪಿಸ್ಟನ್. ಹ್ಯಾಂಡ್‌ಬ್ರೇಕಿನ ಕೇಬಲ್ ಎಳೆಯುವುದು ಇದೇ ಕ್ಯಾಲಿಪರಿನ ಸನ್ನೆಕೋಲನ್ನು, ಅಂದರೆ ಲಿವರನ್ನು. ಪ್ಯಾಡ್ ಸವೆದ ಹಾಗೆ ಪಿಸ್ಟನ್ನಿನ ಒಳಗಿನ ತಿರುಪಿನ ಜೋಡಣೆ ತಾನೇ ತಿರುಗಿ ಉದ್ದವಾಗುತ್ತ ಹೋಗುತ್ತದೆ. ಅದನ್ನು ಬರೀ ಒತ್ತಿದರೆ ತಿರುಪು ಹಾಳಾಗುತ್ತದೆ, ಪಿಸ್ಟನ್ ಹೋಗುವುದಿಲ್ಲ.

ಪಿಸ್ಟನ್ ತಿರುಗಿಸಲೆಂದೇ ಬರುವ, ದಾಳದಂಥ ಕ್ಯೂಬ್ ಟೂಲ್ ತಂದು ರ‍್ಯಾಚೆಟ್ಟಿಗೆ ಸಿಕ್ಕಿಸಿದೆ. ಅದು ಜಾರಿ ಬೆರಳಗಂಟಿನ ಚರ್ಮ ಕಿತ್ತು ತೆಗೆಯಿತು, ಅಷ್ಟೇ ಲಾಭ. ಮರುದಿನ ಪರಿಚಯದ ಗ್ಯಾರೇಜಿನಿಂದ ವೈಂಡ್‌ಬ್ಯಾಕ್ ಕಿಟ್ ಎರವಲು ತಂದೆ. ಅದರ ಒಂದು ತಟ್ಟೆ ಕ್ಯಾಲಿಪರಿಗೆ ಒರಗುತ್ತದೆ, ಇನ್ನೊಂದರ ಎರಡು ಮೊಳೆ ಪಿಸ್ಟನ್ನಿನ ಕಚ್ಚಿನಲ್ಲಿ ಕೂರುತ್ತದೆ. ಒತ್ತುವುದೂ ತಿರುಗಿಸುವುದೂ ಒಟ್ಟಿಗೇ ಆಗುತ್ತದೆ. ನನ್ನ ಗಾಡಿಗೆ ಎರಡೂ ಕಡೆ ಬಲಕ್ಕೆ ತಿರುಗಿಸಬೇಕು. ಕೆಲವು ಗಾಡಿಗಳಲ್ಲಿ ಒಂದು ಕಡೆ ಉಲ್ಟಾ, ಕೈಹಾಕುವ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಆದರೂ ಬಿಗಿ. ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲಿಗೆ ಪೈಪ್ ಸಿಕ್ಕಿಸಿ ಬಾಟಲಿಗೆ ಬಿಟ್ಟು, ನಿಪ್ಪಲ್ ಸಡಿಲ ಮಾಡಿ ಮತ್ತೆ ತಿರುಗಿಸಿ ನೋಡಿದೆ. ಆಗ ಪಿಸ್ಟನ್ ಹಗುರವಾಗಿ ಹೋಗಿದ್ದರೆ ಆಯಿಲ್ ಬರುವ ರಬ್ಬರ್ ಹೋಸ್ ಒಳಗೆ ಕಟ್ಟಿಕೊಂಡಿದೆ ಎಂದು ಅನುಮಾನಿಸಬೇಕಿತ್ತು. ಹೋಗಲಿಲ್ಲ, ಅಂದರೆ ದೋಷ ಪಿಸ್ಟನ್ನಿನಲ್ಲೇ. ಪಿಸ್ಟನ್ನಿಗೆ ಧೂಳು ಹೋಗದಂತೆ ಮುಚ್ಚುವ ಡಸ್ಟ್ ಬೂಟಿನ ಅಂಚನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಎತ್ತಿದರೆ ಒಳಗೆ ಒಂದು ಹನಿ ನೀರು, ಪಿಸ್ಟನ್ನಿನ ಸುತ್ತ ಕಾಫಿಪುಡಿ ಬಣ್ಣದ ತುಕ್ಕಿನ ಉಂಗುರ. ಬಟ್ಟೆಗೆ ಹೊಸ ಬ್ರೇಕ್ ಆಯಿಲ್ ತಾಗಿಸಿ ಉಜ್ಜಿ ತೆಗೆದೆ. ಇಲ್ಲಿ ಎಂಜಿನ್ ಆಯಿಲ್, ಸಾದಾ ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಕೂಡದು, ಸೀಲಿನ ರಬ್ಬರ್ ಉಬ್ಬಿಬಿಡುತ್ತದೆ. ಬ್ರೇಕಿಗೆಂದೇ ಬರುವ ಕೆಂಪು ರಬ್ಬರ್ ಗ್ರೀಸನ್ನು ಬೂಟಿನ ಒಳಗೆ ತೆಳ್ಳಗೆ ಸವರಿದೆ. ಆಮೇಲೆ ಕಾಲು ಸುತ್ತು ಮುಂದೆ, ಸ್ವಲ್ಪ ಹಿಂದೆ, ಮತ್ತೆ ಮುಂದೆ. ಬೂಟು ಪಿಸ್ಟನ್ನಿನ ಜೊತೆ ಸುರುಳಿ ಸುತ್ತತೊಡಗಿದಾಗಲೆಲ್ಲ ನಿಲ್ಲಿಸಿ ಬೆರಳಲ್ಲಿ ಬಿಡಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ತುಕ್ಕಿನ ಗುಳಿ ಹೊರ ಅಂಚಿನಲ್ಲಷ್ಟೇ ಇತ್ತು. ಸೀಲ್ ಉಜ್ಜುವ ಜಾಗದವರೆಗೆ ಬಂದಿದ್ದರೆ ಕ್ಯಾಲಿಪರನ್ನೇ ಬದಲಿಸುತ್ತಿದ್ದೆ, ಅದರಲ್ಲಿ ಜಿಪುಣತನ ಸಲ್ಲ.

ಎಡಗಡೆಯದು ಐದು ನಿಮಿಷದ ಕೆಲಸ. ಆದರೆ ಅಲ್ಲಿ ನಿಪ್ಪಲ್ ತೆರೆದಿರಲಿಲ್ಲ, ಆಯಿಲ್ ವಾಪಸು ಮೇಲಕ್ಕೇ ಏರಿ ಬಾನೆಟ್ಟಿನ ಡಬ್ಬಿ ತುಂಬಿತು. ಚೆಲ್ಲುವ ಮೊದಲೇ ಸಿರಿಂಜಿನಲ್ಲಿ ಎಳೆದೆ, ಅದು ಬಣ್ಣ ತಿನ್ನುತ್ತದೆ.

ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ತೊಳೆದು, ಹೊಸ ಪ್ಯಾಡ್, ಹೊಸ ಬೋಲ್ಟ್ ಹಾಕಿ, ನಿಪ್ಪಲ್ ತೆರೆದ ಬಲಗಡೆಯ ಗಾಳಿ ತೆಗೆದೆ. ಮಗಳು ಬ್ರೇಕ್ ತುಳಿದಾಗ ಪೆಡಲ್ ಮೊದಲು ನೆಲ ಮುಟ್ಟಿತು, ಆರೇಳು ಸಲಕ್ಕೆ ಗಟ್ಟಿಯಾಯಿತು. ಇದನ್ನು ಮರೆತು ಗಾಡಿ ತೆಗೆದರೆ ಮೊದಲ ಬ್ರೇಕಿಗೆ ಗಾಡಿ ನಿಲ್ಲುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟಾಗ ಎರಡೂ ಸನ್ನೆಕೋಲು ಪೂರ್ತಿ ಹಿಂದಕ್ಕೆ ಬಂದವು.

ಮಲ್ಪೆಯವರೆಗೆ ಹೋಗಿ ಬಂದು ಮತ್ತೆ ನೀರು ಹೊಯ್ದೆ. ಎರಡು ಚಕ್ರವೂ ಸುಮ್ಮನಿದ್ದವು. ಈಗ ಊರು ಬಿಡುವಾಗ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಆ ಕಲ್ಲು ತೆಗೆಯಲು ಮರೆತು ಮನೆಯಾಕೆ ಈಗಾಗಲೇ ಎರಡು ಸಲ ಗಾಡಿ ಹತ್ತಿಸಿದ್ದಾಳೆ.