ಸಂಕ್ರಾಂತಿಯ ಸಕ್ಕರೆ ಅಚ್ಚು: ಮಕ್ಕಳಿರುವ ಮನೆಯಲ್ಲಿ ನಿಭಾಯಿಸುವ ಬಗೆ

ಎಳ್ಳು ಬೀರಲು ಹೋದ ಮಗು ಹತ್ತು ಮನೆ ಸುತ್ತಿ ಬಂದರೆ ಹತ್ತು ಪೊಟ್ಟಣ ಎಳ್ಳು-ಬೆಲ್ಲ, ಹತ್ತಿಪ್ಪತ್ತು ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಎಲ್ಲ ಮನೆ ಸೇರುತ್ತವೆ. ಬಾಳೆಹಣ್ಣು ಎರಡು ದಿನಕ್ಕೆ ಖಾಲಿ. ಕಬ್ಬು ಒಣಗುತ್ತದೆ. ಉಳಿಯುವುದು ಅಚ್ಚು. ಅದು ಕೆಡುವುದಿಲ್ಲ. ಆದ್ದರಿಂದಲೇ ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದು, ಮಗು ಅಡುಗೆಮನೆಗೆ ಬಂದು ಹೋಗುವಾಗೆಲ್ಲ ಒಂದೊಂದು ಬಾಯಿ ಸೇರುತ್ತದೆ. ಹಬ್ಬದ ದಿನ ತಿಂದದ್ದಕ್ಕೆ ಯಾರೂ ಚಿಂತಿಸಬೇಕಿಲ್ಲ; ನೋಡಿಕೊಳ್ಳಬೇಕಾದದ್ದು ಆಮೇಲಿನ ಮೂರು ವಾರ.

ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ

ಬಾಯಿಗೆ ಸಕ್ಕರೆ ಬಿದ್ದೊಡನೆ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರದಿಂದ ಖನಿಜ ಕರಗತೊಡಗುತ್ತದೆ. ಎಂಜಲು ಅದನ್ನು ಮತ್ತೆ ಸರಿ ಮಾಡಲು ಅರ್ಧ ಗಂಟೆಯಾದರೂ ಬೇಕು. ಊಟವಾದ ಮೇಲೆ ಮೂರು ಅಚ್ಚು ಒಟ್ಟಿಗೆ ತಿಂದ ಮಗುವಿನ ಹಲ್ಲಿಗೆ ಒಂದೇ ಪೆಟ್ಟು. ಅದೇ ಮೂರನ್ನು ಹತ್ತಕ್ಕೊಂದು, ಹನ್ನೆರಡಕ್ಕೊಂದು, ಮೂರಕ್ಕೊಂದು ಎಂದು ಚೀಪಿದರೆ ಮೂರು ಪೆಟ್ಟು. ಅದರಲ್ಲೂ ಅಚ್ಚನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು ನಿಧಾನವಾಗಿ ಕರಗಿಸುವ ಅಭ್ಯಾಸ ತೀರಾ ಕೆಟ್ಟದ್ದು. ಹಾಗಾಗಿ ಮೊದಲು ಕಟ್ಟು ಹಾಕಬೇಕಾದದ್ದು ಹೊತ್ತಿಗೆ, ಲೆಕ್ಕ ಆಮೇಲೆ.

ಲೆಕ್ಕವನ್ನೂ ಒಮ್ಮೆ ತಿಳಿದಿರಿ. ಬೆಲ್ಲ, ಜೇನು ಸೇರಿದಂತೆ ಮೇಲಿಂದ ಸೇರಿಸುವ ಸಿಹಿ ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 1400 ಕ್ಯಾಲೊರಿ ಬೇಕಾದ ಮಗುವಿಗೆ ಅದು 35 ಗ್ರಾಂ, ಇಲ್ಲವೇ 17 ಗ್ರಾಂ. ಅಚ್ಚು ಎಂದರೆ ಹೆಚ್ಚುಕಮ್ಮಿ ಬರೀ ಸಕ್ಕರೆ, ಅದರ ತೂಕವೇ ಸಕ್ಕರೆಯ ತೂಕ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಗೋಪುರವನ್ನೂ ಒಂದು ಪುಟ್ಟ ಗಿಳಿಯನ್ನೂ ಇಟ್ಟು ನೋಡಿ. ಗೋಪುರ 40 ಗ್ರಾಂ ತೂಗಿದರೆ, ಆ ಒಂದರಲ್ಲೇ ಮಗುವಿನ ಇಡೀ ದಿನದ ಪಾಲು ದಾಟಿತು.

ಹಬ್ಬದ ಸಂಜೆ

ನಿಯಮವನ್ನು ಹಿಂದಿನ ದಿನವೇ ಮಗುವಿಗೆ ಹೇಳಿ. ಪೊಟ್ಟಣ ಕೈಗೆ ಬಂದ ಮೇಲೆ ಹೇಳಿದರೆ ಅದು ಕಿತ್ತುಕೊಂಡ ಹಾಗೆ ಕಾಣುತ್ತದೆ. ಹೇಳಬೇಕಾದದ್ದು ಇಷ್ಟೇ: ಯಾರ ಮನೆಯಲ್ಲಿ ಕೊಟ್ಟರೂ ಎರಡೂ ಕೈಯಲ್ಲಿ ತಗೋ, ಚೀಲಕ್ಕೆ ಹಾಕು, ದಾರಿಯಲ್ಲಿ ಬಿಚ್ಚಬೇಡ, ಮನೆಗೆ ಬಂದು ಊಟ ಮಾಡಿ ಎಲ್ಲ ಹರಡಿಕೊಂಡು ನೋಡೋಣ. ಓಡುತ್ತಾ, ನಗುತ್ತಾ ತಿನ್ನುವಾಗಲೇ ಕಡಲೆಕಾಯಿ ಬೀಜ ಶ್ವಾಸನಾಳಕ್ಕೆ ಜಾರುವುದು. ದಾರಿಯಲ್ಲಿ ಬಿಚ್ಚಬೇಡ ಎನ್ನಲು ಅದೂ ಒಂದು ಕಾರಣ.

ಊಟವಾದ ಮೇಲೆ ನೆಲದ ಮೇಲೆ ಪೇಪರ್ ಹಾಸಿ ಎಲ್ಲವನ್ನೂ ಸುರಿಯಿರಿ. ಆ ಸಂಜೆ ಮಗು ಕೂತಲ್ಲೇ ತನಗೆ ಬೇಕಾದಷ್ಟು ತಿನ್ನಲಿ, ಎಣಿಸಬೇಡಿ. ಸಕ್ಕರೆ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ ಎಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ; ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 1995ರ ವಿಶ್ಲೇಷಣೆಯೊಂದರಲ್ಲಿ ಮಕ್ಕಳ ನಡವಳಿಕೆಗೂ ಸಕ್ಕರೆಗೂ ನಂಟು ಕಾಣಲಿಲ್ಲ. ಕುಣಿತ ಹಬ್ಬದ್ದು, ಹೊಸ ಲಂಗದ್ದು, ಜೊತೆಯ ಮಕ್ಕಳದ್ದು.

ತಿಂದಾದ ಮೇಲೆ ಮಗುವೇ ವಿಂಗಡಿಸಲಿ. ಪುಟ್ಟ ಅಚ್ಚುಗಳಲ್ಲಿ ಹತ್ತನ್ನು ಆರಿಸಿ ಮಗುವಿನ ಹೆಸರು ಬರೆದ ಡಬ್ಬಿಗೆ ಹಾಕಲಿ. ಎಳ್ಳು-ಬೆಲ್ಲವನ್ನು ಒಂದು ಗಾಳಿಯಾಡದ ಡಬ್ಬಿಗೆ ಸುರಿಯಿರಿ, ಆದರೆ ಬೆರೆಸುವ ಮೊದಲು ಪ್ರತಿ ಪೊಟ್ಟಣವನ್ನೂ ಮೂಸಿ ನೋಡಿ. ಕಮಟು ಹಿಡಿದ ಕೊಬ್ಬರಿ ಒಂದು ಪೊಟ್ಟಣದಲ್ಲಿದ್ದರೂ ಇಡೀ ಡಬ್ಬಿ ಹಾಳು. ದೊಡ್ಡ ಅಚ್ಚುಗಳೆಲ್ಲ ಅಡುಗೆಗೆ.

ಇಲ್ಲೇ ಅಳು ಬರುವುದು. ಸೊಂಡಿಲೆತ್ತಿದ ಆನೆಯನ್ನು ಪುಡಿ ಮಾಡುತ್ತೇವೆ ಎಂದರೆ ಯಾವ ಮಗುವೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದನ್ನು ಹಾಗೇ ಉಳಿಸಿಕೊಳ್ಳಲಿ. ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ನಿಲ್ಲಿಸಿ ಕಾಣುವ ಕಡೆ ಇಡಿ. ಬರೀ ತಟ್ಟೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಇರುವೆ ಸಾಲುಗಟ್ಟುತ್ತದೆ. ಅದು ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದು ಮೊದಲೇ ಮಾತಾಗಲಿ.

ಮಾರನೆಯ ದಿನದಿಂದ

ದಿನಕ್ಕೊಂದು ಪುಟ್ಟ ಅಚ್ಚು, ಒಂದೇ ಹೊತ್ತಿಗೆ. ಮಧ್ಯಾಹ್ನದ ಊಟ ಮುಗಿದ ಕೂಡಲೇ ಅಥವಾ ಶಾಲೆಯಿಂದ ಬಂದು ತಿಂಡಿ ತಿನ್ನುವಾಗ. ಆಗ ಬಾಯಲ್ಲಿ ಎಂಜಲು ಚೆನ್ನಾಗಿ ಊರುತ್ತಿರುತ್ತದೆ. ಯಾವುದು ಬೇಕೆಂದು ಮಗುವೇ ಆರಿಸಲಿ. ತಿಂದು ನೀರು ಮುಕ್ಕಳಿಸಲಿ, ರಾತ್ರಿ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಲಿ: ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್. ಉಜ್ಜಿದ ಮೇಲೆ ನೀರು ಬಿಟ್ಟು ಇನ್ನೇನೂ ಬೇಡ.

ಡಬ್ಬಿ ಕಣ್ಣಿಗೆ ಬೀಳದ ಕಪಾಟಿನಲ್ಲಿರಲಿ. ಊಟದ ಮೇಜಿನ ಮೇಲಿಟ್ಟು ‘ಮುಟ್ಟಬೇಡ’ ಎನ್ನುವುದರಷ್ಟು ಕೆಲಸ ಕೆಡಿಸುವುದು ಬೇರೊಂದಿಲ್ಲ. ಫಿಶರ್ ಮತ್ತು ಬರ್ಚ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣೆದುರೇ ಇದ್ದೂ ಕೊಡದ ತಿಂಡಿಯ ಕಡೆಗೇ ಪುಟ್ಟ ಮಕ್ಕಳ ಆಸೆ ಹೆಚ್ಚಾಗಿತ್ತು. ಮಗು ಕೇಳಿದಾಗ ‘ಇಲ್ಲ’ ಎನ್ನುವ ಬದಲು ‘ನಾಲ್ಕು ಗಂಟೆಗೆ, ಪುಟ್ಟಾ. ಆನೆಯೋ ಗಿಳಿಯೋ ಈಗಲೇ ಯೋಚನೆ ಮಾಡಿಟ್ಕೋ’ ಎನ್ನಿ. ಹೇಳಿದ ಹೊತ್ತಿಗೆ ತಪ್ಪದೆ ಕೊಡಿ. ಒಂದು ದಿನ ಮರೆತರೂ ಮಗು ಮಾರನೆಯ ದಿನ ಬೆಳಗ್ಗೆಯಿಂದಲೇ ಬೆನ್ನು ಹತ್ತುತ್ತದೆ, ಅದರ ತಪ್ಪಲ್ಲ.

‘ಪಲ್ಯ ತಿಂದರೆ ಅಚ್ಚು’ ಎಂಬ ಆಮಿಷ ಬೇಡವೇ ಬೇಡ. ಪಲ್ಯ ಶಿಕ್ಷೆ, ಅಚ್ಚು ಬಹುಮಾನ ಎಂಬ ಪಾಠವಷ್ಟೇ ಮಗುವಿಗೆ ಉಳಿಯುತ್ತದೆ. ಊಟ ಅರ್ಧ ಬಿಟ್ಟರೂ ಅವತ್ತಿನ ಅಚ್ಚು ಕೊಡಿ.

ಅಜ್ಜಿ-ತಾತ ಇರುವ ಮನೆಯಲ್ಲಿ ಗುಟ್ಟಾಗಿ ಕೊಡುವುದು ಇದ್ದದ್ದೇ. ಜಗಳ ಆಡಿ ಪ್ರಯೋಜನವಿಲ್ಲ, ಡಬ್ಬಿಯನ್ನೇ ಅಜ್ಜಿಯ ವಶಕ್ಕೆ ಒಪ್ಪಿಸಿ. ‘ಅಮ್ಮಾ, ನಾಲ್ಕು ಗಂಟೆಗೆ ನೀವೇ ಕೊಡಿ’ ಎಂದರೆ ಮೊಮ್ಮಗುವಿಗೆ ಕೊಡುವ ಸಂತೋಷವೂ ಅವರದೇ, ಹೊತ್ತು ಕಾಯುವ ಹೊಣೆಯೂ ಅವರದೇ. ರಥಸಪ್ತಮಿಯವರೆಗೂ ಎಳ್ಳು ಬೀರುವ ರೂಢಿ ಹಲವು ಮನೆಗಳಲ್ಲಿದೆ. ಆ ದಿನವನ್ನೇ ಡಬ್ಬಿಗೂ ಕೊನೆಯ ದಿನ ಮಾಡಿಕೊಳ್ಳಿ.

ಐದು ವರ್ಷದೊಳಗಿನ ಮಕ್ಕಳು

ಇಲ್ಲಿ ಮಾತ್ರ ಸಡಿಲ ಬೇಡ. ಎರಡು ವರ್ಷ ತುಂಬದ ಮಗುವಿಗೆ ಸಕ್ಕರೆ, ಬೆಲ್ಲ ಯಾವುದೂ ಬೇಕಿಲ್ಲ. ಬಾಳೆಹಣ್ಣು ಕಿವುಚಿ ಕೊಡಿ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ಗಟ್ಟಿ ಅಚ್ಚು, ಬೀಜವಿರುವ ಎಲಚಿಹಣ್ಣು ಕೊಡಬಾರದು. ಪುಟ್ಟ ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿದು ಆರತಿ ಮಾಡುವ ಮನೆಗಳಲ್ಲಿ, ಮಗುವನ್ನು ಎತ್ತಿಕೊಂಡ ಮೇಲೆ ಒಬ್ಬರು ಸೋಫಾ ಕೆಳಗೂ ಗುಡಿಸಲೇಬೇಕು. ಅಂಬೆಗಾಲಿಡುವ ಮಗುವಿಗೆ ಅವು ಸಿಗುವುದು ಮಾರನೆಯ ದಿನ.

ಗಂಟಲಿಗೆ ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಬಾರದೆ, ಉಸಿರಾಡಲು ಒದ್ದಾಡುತ್ತಿದ್ದರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಗಟ್ಟಿಯಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದೆ ನಿಂತು, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಎರಡನ್ನೂ ಬದಲಿಸುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ವರ್ಷ ತುಂಬದ ಕೂಸಿನ ಹೊಟ್ಟೆ ಒತ್ತಬಾರದು: ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ ಬೆನ್ನಿಗೆ ಐದು ಪೆಟ್ಟು, ಆಮೇಲೆ ತಿರುಗಿಸಿ ಎದೆಯ ನಡುವೆ ಒಂದು ಕೈಯ ಅಂಗೈ ಬುಡದಿಂದ ಐದು ಒತ್ತು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಎಲ್ಲ ಸರಿಹೋದಂತೆ ಕಂಡರೂ ಕೆಮ್ಮು, ಗೊರಗೊರ ಶಬ್ದ ಉಳಿದರೆ ಅವತ್ತೇ ವೈದ್ಯರಲ್ಲಿಗೆ ಹೋಗಿ, ಬೀಜದ ಚೂರು ಒಳಗಿರಬಹುದು.

ಇನ್ಸುಲಿನ್ ತೆಗೆದುಕೊಳ್ಳುವ ಮಗುವಿದ್ದರೆ ಅಚ್ಚಿನ ತೂಕವನ್ನೇ ಕಾರ್ಬೋಹೈಡ್ರೇಟ್ ಎಂದು ಎಣಿಸಿ, ಹಬ್ಬದ ಮೊದಲೇ ವೈದ್ಯರೊಂದಿಗೆ ಮಾತಾಡಿಕೊಳ್ಳಿ.

ಉಳಿದದ್ದಕ್ಕೆ ದಾರಿ

ದೊಡ್ಡ ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಒಡೆದು, ಒಣಗಿದ ಮಿಕ್ಸಿಯಲ್ಲಿ ಪುಡಿ ಮಾಡಿ. ತೇವವಿದ್ದರೆ ಪುಡಿ ಗಂಟಾಗುತ್ತದೆ. ಬಿಳಿಯದು ಕಾಫಿಗೆ, ಪಾಯಸಕ್ಕೆ; ಬಣ್ಣದ್ದು ಕೇಸರಿಬಾತಿಗೆ. ಸಕ್ಕರೆ ಎಷ್ಟು ತೂಕ ಬೇಕೋ ಪುಡಿಯೂ ಅಷ್ಟೇ ತೂಕ. ಹೊಸ ಸಕ್ಕರೆ ತರುವ ಮೊದಲು ಇದು ಮುಗಿಯಲಿ.

ಎಳ್ಳು-ಬೆಲ್ಲ ಎರಡು ಕಪ್ ಉಳಿದಿದ್ದರೆ ಉಂಡೆ ಕಟ್ಟಿ. ಜೀರಿಗೆ ಪೆಪ್ಪರ್‌ಮಿಂಟ್ ಆರಿಸಿ ತೆಗೆದು, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಉಂಡೆ ನಿಲ್ಲದಿದ್ದರೆ ಒಂದು ಚಮಚ ಬಿಸಿ ತುಪ್ಪ. ನಿಂಬೆಗಾತ್ರದ ಹತ್ತು ಹನ್ನೆರಡು ಉಂಡೆ ಆಗುತ್ತವೆ.

ನೀವು ಬೀರುವ ಎಳ್ಳಿನಲ್ಲೂ ಕೈ ಹಿಡಿತ ಸಾಧ್ಯ. ಎಲ್ಲವೂ ಸಮಸಮ ಹಾಕುವ ಬದಲು ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಎರಡು ಕಪ್, ಹುರಿಗಡಲೆ ಎರಡು, ಕಂದು ಸಿಪ್ಪೆ ಹೆರೆದು ಹೆಚ್ಚಿದ ಕೊಬ್ಬರಿ ಒಂದು, ಬೆಲ್ಲದ ಚೂರು ಒಂದು, ಬಿಳಿ ಎಳ್ಳು ಅರ್ಧ ಕಪ್ ಸಾಕು, ರುಚಿಗೆ ಕೊರತೆಯಿಲ್ಲ. ಕೊಬ್ಬರಿಯನ್ನೂ ಬೆಲ್ಲವನ್ನೂ ಬೇರೆ ಬೇರೆಯಾಗಿ ಬಿಸಿಲಿಗೆ ಒಣಗಿಸಿದ ಮೇಲೆಯೇ ಬೆರೆಸಿ. ಪೊಟ್ಟಣಕ್ಕೆ ಒಂದೇ ಪುಟ್ಟ ಅಚ್ಚು ಹಾಕಿ. ಎಳ್ಳು ಅಥವಾ ಕಡಲೆಕಾಯಿ ಒಗ್ಗದ ಮಕ್ಕಳಿರುವ ಮನೆಗೆ ಕಬ್ಬು, ಬಾಳೆಹಣ್ಣು, ಅಚ್ಚನ್ನು ಬೇರೆ ಚೀಲದಲ್ಲಿ, ಎಳ್ಳು ಮುಟ್ಟಿದ ಕೈ ತೊಳೆದುಕೊಂಡು ಹಾಕಿ ಕೊಡಿ.