ಕೈಯಲ್ಲಿ ಏನೂ ಇಲ್ಲದೆ ಕೂತಾಗ: ಮಾನಸಿಕ ಆರೋಗ್ಯ ನರ್ಸಿಂಗ್‌ನಲ್ಲಿ ನನ್ನ ಅನುಭವ

ನಾನು ಅಂಕೋಲಾ ಕಡೆಯವಳು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವಾಗ ನನಗೆ ಸರ್ಜರಿ ವಾರ್ಡ್ ಅಂದರೆ ಬಹಳ ಇಷ್ಟ. ಡ್ರೆಸಿಂಗ್, ಡ್ರಿಪ್, ಬಿಪಿ ಅಂತ ಕೈಗೆ ಸದಾ ಕೆಲಸ. ಆಮೇಲೆ ಮನೋರೋಗ ವಿಭಾಗದ ಪೋಸ್ಟಿಂಗ್ ಬಂತು. ನಮ್ಮನ್ನು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿದರು. 'ಹುಚ್ಚರ ಆಸ್ಪತ್ರೆಗೆ ಹೆಣ್ಣುಮಕ್ಕಳನ್ನು ಕಳಿಸುತ್ತಾರಾ?' ಅಂತ ಅಮ್ಮ ಅತ್ತರು. ಅರಬೈಲ್ ಘಾಟಿ ಹತ್ತುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಮೊದಲ ದಿನ ಹಿರಿಯ ಸಿಸ್ಟರ್ ಒಬ್ಬ ಮಹಿಳೆಯನ್ನು ತೋರಿಸಿ, 'ಹೋಗಿ ಅವರ ಪಕ್ಕ ಕೂತುಕೋ' ಅಂದರು.

'ಏನು ಮಾಡಲಿ ಸಿಸ್ಟರ್?'

'ಏನೂ ಬೇಡ. ಕೂತುಕೋ.'

ಅರ್ಧ ಗಂಟೆ ಕೂತೆ. ಆ ಅಕ್ಕ ಗೋಡೆ ನೋಡುತ್ತಿದ್ದರು. ನನ್ನ ಕೈಯಲ್ಲಿ ಥರ್ಮಾಮೀಟರ್ ಕೂಡ ಇರಲಿಲ್ಲ. ಇದೂ ನರ್ಸಿಂಗಾ ಅನ್ನಿಸಿತು. ಎರಡನೇ ದಿನವೂ ಅಷ್ಟೇ, ಮೂರನೇ ದಿನವೂ ಅಷ್ಟೇ. ನಾಲ್ಕನೇ ದಿನ ನನ್ನ ಕಡೆ ತಿರುಗಿ, 'ನೀನು ಸಮುದ್ರದ ಕಡೆಯವಳಂತೆ. ಈಗ ಬಂಗಡೆ ಬರ್ತಾ ಇದೆಯಾ?' ಅಂತ ಕೇಳಿದರು. ಅವರು ಹಲವು ದಿನಗಳಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ಇದೇ ಕೆಲಸ ಮಾಡಬೇಕು ಅಂತ ನಾನು ಅವತ್ತೇ ತೀರ್ಮಾನಿಸಿದೆ.

ದಾರಿ ಸರಳವೇ. ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ ಆದರೆ 4 ವರ್ಷ. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಆಮೇಲೆ ಮನೋರೋಗ ನರ್ಸಿಂಗ್‌ನಲ್ಲಿ 1 ವರ್ಷದ ಡಿಪ್ಲೊಮಾ ಇದೆ, ನಾನು ಮಾಡಿದ್ದು ಅದನ್ನೇ. ಬಿಎಸ್ಸಿ ಆದವರು ಇದೇ ವಿಷಯದಲ್ಲಿ ಎಂಎಸ್ಸಿಗೂ ಹೋಗಬಹುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನಿಂದ ಒಂದು ತಪ್ಪಾಯಿತು. ಒಬ್ಬ ಹುಡುಗಿಗೆ ದಿನಾ ಮಾತ್ರೆ ಕೊಡುತ್ತಿದ್ದೆ, ಚಾರ್ಟಿನಲ್ಲಿ ಗುರುತು ಹಾಕುತ್ತಿದ್ದೆ. ಹತ್ತು ದಿನವಾದರೂ ಅವಳು ಚೇತರಿಸಿಕೊಳ್ಳಲಿಲ್ಲ. ಹಾಸಿಗೆ ಬದಲಿಸುವಾಗ ನೋಡಿದರೆ ದಿಂಬಿನೊಳಗೆ ಮಾತ್ರೆಗಳು! ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗಿಯುತ್ತಿದ್ದಳು. ನಾನು ಕೊಟ್ಟಿದ್ದನ್ನು ಬರೆದಿದ್ದೆ, ನುಂಗಿದ್ದನ್ನು ನೋಡಿರಲಿಲ್ಲ. ಅವಳನ್ನು ಬೈದು ಪ್ರಯೋಜನವಿರಲಿಲ್ಲ. ಮಾತ್ರೆ ತಿಂದರೆ ದವಡೆ ಬಿಗಿಯುತ್ತದೆ, ಹೇಳಿದರೆ ಯಾರೂ ಕೇಳುವುದಿಲ್ಲ ಅನ್ನುವುದು ಅವಳ ಕಷ್ಟ. ಅದು ಔಷಧಿಯ ಅಡ್ಡಪರಿಣಾಮವೇ, ಅದಕ್ಕೂ ಮದ್ದಿದೆ. ಡಾಕ್ಟರು ಔಷಧಿ ಬದಲಿಸಿದರು. ಈಗ ಮಾತ್ರೆ ಕೊಟ್ಟ ಮೇಲೆ ನಾನು ಎರಡು ನಿಮಿಷ ಅಲ್ಲೇ ಕೂತು ಮಾತಾಡುತ್ತೇನೆ.

ಬರೆಯುವ ರೀತಿಯೂ ಆಗಲೇ ಬದಲಾಯಿತು. 'ರೋಗಿ ಶಾಂತವಾಗಿದ್ದರು' ಅಂತ ಬರೆದರೆ ಡಾಕ್ಟರಿಗೆ ಏನು ಗೊತ್ತಾಗುತ್ತದೆ? 'ಅರ್ಧ ಊಟ ಬಿಟ್ಟರು. ರಾತ್ರಿ 2ಕ್ಕೆ ಎದ್ದು ಬೆಳಗಿನವರೆಗೆ ಕಿಟಕಿ ಹತ್ತಿರ ನಿಂತಿದ್ದರು' ಅಂತ ಬರೆದರೆ ಗೊತ್ತಾಗುತ್ತದೆ.

ನನಗೆ ಅತಿ ಕಷ್ಟವಾಗಿದ್ದು ಒಂದು ಪ್ರಶ್ನೆ ಕೇಳುವುದು. 'ಸಾಯಬೇಕು ಅನ್ನಿಸುತ್ತದಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಹೆದರುತ್ತಿದ್ದೆ. ಅದು ಹಾಗಲ್ಲ. ನೇರವಾಗಿ, ಮೆಲ್ಲಗೆ ಕೇಳಿದರೆ ಎಷ್ಟೋ ಜನ ಮೊದಲು ಉಸಿರು ಬಿಡುತ್ತಾರೆ, ಆಮೇಲೆ ಅಳುತ್ತಾರೆ. ಅಂಥವರನ್ನು ಒಂಟಿಯಾಗಿ ಬಿಡುವುದಿಲ್ಲ, ಡಾಕ್ಟರಿಗೆ ಕೂಡಲೇ ಹೇಳುತ್ತೇನೆ. ಅವರು ಮನೆಗೆ ಹೋಗುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರ್ 14416 ಬರೆದುಕೊಡುತ್ತೇನೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಕಡೆ ತುಂಬಾ ಜನ ದೇವಸ್ಥಾನದಲ್ಲಿ ಪ್ರಸಾದ ಕೇಳಿದ ಮೇಲೇ, ಅಂದರೆ ದೇವರ ಅಪ್ಪಣೆ ಪಡೆದ ಮೇಲೇ, ಆಸ್ಪತ್ರೆಗೆ ಬರುತ್ತಾರೆ. ನಾನು ಅದನ್ನು ಹೀಯಾಳಿಸುವುದಿಲ್ಲ. 'ಪೂಜೆ ಮಾಡಿಸಿ, ಮಾತ್ರೆ ಮಾತ್ರ ಬಿಡಬೇಡಿ' ಅನ್ನುತ್ತೇನೆ. 'ಕರೆಂಟ್ ಕೊಡ್ತೀರಾ?' ಅಂತ ಹೆದರಿ ಕೇಳುವವರೂ ಜಾಸ್ತಿ. ಕರೆಂಟ್ ಅಂದರೆ ಮೆದುಳಿಗೆ ಸ್ವಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ, ಇಸಿಟಿ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಇದನ್ನು ಹೇಳಿದರೆ ಮುಖ ಸ್ವಲ್ಪ ಸಡಿಲವಾಗುತ್ತದೆ.

ಕಾರವಾರದ ಕಡೆ ಮೀನುಗಾರಿಕೆ ಮಾಡುವ ಒಬ್ಬರು ಲಿಥಿಯಂ ತೆಗೆದುಕೊಳ್ಳುತ್ತಾರೆ. ಮನಸ್ಸಿನ ಅತಿಯಾದ ಏರಿಳಿತವನ್ನು ಹತೋಟಿಯಲ್ಲಿಡುವ ಮಾತ್ರೆ ಅದು. ಈ ಮಾತ್ರೆಗೂ ಮೈಯಲ್ಲಿರುವ ಉಪ್ಪು, ನೀರಿಗೂ ನಂಟಿದೆ. ಬೆವರು ಜಾಸ್ತಿ ಹೋಗಿ ನೀರು ಕಮ್ಮಿಯಾದರೆ, ಅಥವಾ ಊಟದ ಉಪ್ಪನ್ನು ಏಕಾಏಕಿ ಕಡಿಮೆ ಮಾಡಿದರೆ, ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಮೇ ತಿಂಗಳಲ್ಲಿ ಅವರೇ ಬೆಳಿಗ್ಗೆ ಬೇಗ ಬಂದರು. 'ಸಿಸ್ಟರ್, ಕೈ ಜಾಸ್ತಿ ನಡುಗ್ತಾ ಇದೆ, ಬಲೆ ಹೊಲಿಯೋಕೆ ಆಗ್ತಾ ಇಲ್ಲ. ರಾತ್ರಿಯಿಂದ ವಾಂತಿ.' ನಡುಕ, ವಾಂತಿ, ತೂರಾಟ ಬಂದರೆ ಕಾಯಬೇಡಿ ಅಂತ ನಾನು ಪ್ರತಿ ಸಲ ಹೇಳಿದ್ದು ಅವರ ನೆನಪಿನಲ್ಲಿತ್ತು. ರಕ್ತ ಪರೀಕ್ಷೆಯಲ್ಲಿ ಮಟ್ಟ ಏರಿತ್ತು. ಬಿಪಿ ಇದೆ ಅಂತ ಮನೆಯವರು ಗಂಜಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದ್ದರು. ಅವರು ಸರಿಯಾದ ಸಮಯಕ್ಕೆ ಬಂದದ್ದರಿಂದ ಉಳಿದುಕೊಂಡರು.

ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧವಿದ್ದು ಬೋಟು ದಡದಲ್ಲಿರುವಾಗ ಇಂಥವರು ತಪ್ಪದೆ ತಪಾಸಣೆಗೆ ಬರುತ್ತಾರೆ. ಆಗಸ್ಟ್ 1ಕ್ಕೆ ಕಡಲಿಗೆ ಇಳಿದರೆ ತಪ್ಪುತ್ತದೆ. ಅದಕ್ಕೇ ಜುಲೈ ಕೊನೆಯ ವಾರ ನಾನು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ: ಮಾತ್ರೆ ಎಷ್ಟು ಉಳಿದಿದೆ, ಬೋಟಿನಲ್ಲಿ ಕುಡಿಯುವ ನೀರು ಎಷ್ಟು ಇಡುತ್ತೀರಿ, ರಾತ್ರಿ ನಿದ್ದೆ ಬರುತ್ತಾ?