ಬೆಲೆ ಏರಿದಾಗ ನಿಮ್ಮ ಮನೆಯ ಬಳಕೆ ಎಷ್ಟು ಇಳಿಯಿತು? ಲೆಕ್ಕ ಹಾಕುವುದು ಹೀಗೆ

“ಈ ತಿಂಗಳು ಟೊಮೆಟೊಗೆ ಡಬಲ್ ಖರ್ಚಾಗಿದೆ, ಬಳಕೆ ಜಾಸ್ತಿ ಆಗಿರಬೇಕು” ಎನ್ನುವವರನ್ನು ಬಹಳ ನೋಡಿದ್ದೇನೆ. ಅವರ ಲೆಕ್ಕದ ಪುಸ್ತಕ ತೆರೆದರೆ ಬರೀ ರೂಪಾಯಿ. ಎಷ್ಟು ಕೆಜಿ ತಂದರು ಎಂಬುದೇ ಇರುವುದಿಲ್ಲ.

ಮೊದಲು ಒಂದು ಉದ್ದನೆಯ ಪುಸ್ತಕ ತನ್ನಿ. ತಾರೀಕು, ಸಾಮಾನು, ತೂಕ, ದರ ಬರೆಯಿರಿ. ಯುಪಿಐ ಹಿಸ್ಟರಿ ಸಾಕು ಅನ್ನಬೇಡಿ, ಅದರಲ್ಲಿ ತೂಕ ಸಿಗುವುದಿಲ್ಲ. ಬಿಸ್ಕತ್ತಿಗೂ ಗ್ರಾಂ ಬರೆಯಿರಿ. ಪ್ಯಾಕಿನ ಬೆಲೆ ಹಾಗೇ ಇದ್ದು ಒಳಗಿನ ತೂಕ ಇಳಿದಿದ್ದರೆ ಅದೂ ಬೆಲೆ ಏರಿಕೆಯೇ.

ಹೆಚ್ಚಿನವರು ಎಡವುವುದು ಶೇಕಡಾ ಲೆಕ್ಕದಲ್ಲಿ. ಟೊಮೆಟೊ ಕೆಜಿಗೆ 20 ರೂಪಾಯಿ ಇದ್ದದ್ದು 60 ಆಯಿತು, ನೀವು 6 ಕೆಜಿ ಬದಲು 4 ಕೆಜಿ ತಂದಿರಿ ಅನ್ನೋಣ. ಖರ್ಚು 120ರಿಂದ 240ಕ್ಕೆ ಏರಿತು, ಬಳಕೆ ಇಳಿಯಿತು. ಹಳೆಯ ಅಂಕಿ ಹಿಡಿದು ನೋಡಿದರೆ ಬೆಲೆ ಶೇ 200 ಏರಿದೆ, ಬಳಕೆ ಶೇ 33 ಇಳಿದಿದೆ. ಬಳಕೆಯ ಅಂಕಿಯನ್ನು ಬೆಲೆಯ ಅಂಕಿಯಿಂದ ಭಾಗಿಸಿದರೆ ಸುಮಾರು 0.17. ಮುಂದೆ ಬೆಲೆ 60ರಿಂದ 20ಕ್ಕೆ ಇಳಿದು, ನೀವು ಮತ್ತೆ 6 ಕೆಜಿ ತಂದರೆ ಉತ್ತರ 0.75! ಅದೇ ಮನೆ, ಅದೇ ಟೊಮೆಟೊ.

ಅದಕ್ಕೇ ನಡುವಿನ ಅಂಕಿ ಹಿಡಿಯಿರಿ. 20 ಮತ್ತು 60ರ ನಡುವೆ 40. ವ್ಯತ್ಯಾಸವೂ 40, ಅಂದರೆ ಶೇ 100. 6 ಮತ್ತು 4ರ ನಡುವೆ 5. ವ್ಯತ್ಯಾಸ 2, ಅಂದರೆ ಶೇ 40. ಉತ್ತರ 0.4. ಬೆಲೆ ಏರಲಿ, ಇಳಿಯಲಿ, ಇದು ಬದಲಾಗದು. ಪಿಯುಸಿ ಪುಸ್ತಕದ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಇದೇ. ಒಂದಕ್ಕಿಂತ ಕಡಿಮೆ ಬಂದರೆ, ಬೆಲೆ ಏರಿದಷ್ಟು ನಿಮ್ಮ ಬಳಕೆ ಇಳಿದಿಲ್ಲ ಎಂದರ್ಥ.

ಯುಗಾದಿ ತಿಂಗಳನ್ನು ಯುಗಾದಿ ತಿಂಗಳಿಗೇ ಹೋಲಿಸಿ.

ಒಂದು ವರ್ಷ ಬಿಟ್ಟು ಮತ್ತೆ ಲೆಕ್ಕ ಹಾಕಿ. ಇದನ್ನು ಬಿಡಲೇಬೇಡಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದಾಗ ಅವತ್ತೇ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಬಹುದಿತ್ತು, ಅಲ್ವಾ? ಪೆಟ್ರೋಲ್ ಹಾಗಲ್ಲ. ನಾಳೆ ಆಫೀಸಿಗೆ ಹೋಗಲೇಬೇಕು. ಬಸ್ ಪಾಸ್ ಮಾಡಿಸುವುದು, ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವುದು ನಿಧಾನದ ಕೆಲಸ. ಒಂದೇ ತಿಂಗಳ ಲೆಕ್ಕದಲ್ಲಿ ಇದು ಕಾಣುವುದಿಲ್ಲ.

ಕೊನೆಗೆ ಆದಾಯ. ಸಂಬಳ ಶೇ 10 ಏರಿ, ಬೆಲೆಗಳು ಶೇ 6 ಏರಿದ್ದರೆ ನಿಮ್ಮ ಕೈಗೆ ನಿಜವಾಗಿ ಹೆಚ್ಚು ಸಿಕ್ಕಿದ್ದು ಸುಮಾರು ಶೇ 4. ಬಳಕೆ ಎಷ್ಟು ಶೇಕಡಾ ಬದಲಾಯಿತೋ ಅದನ್ನು ಈ 4ರಿಂದ ಭಾಗಿಸಿ, 10ರಿಂದಲ್ಲ. ಸಾಮಾನ್ಯವಾಗಿ ಅಕ್ಕಿಯ ಬಳಕೆ ಅಷ್ಟೇನೂ ಏರಿರುವುದಿಲ್ಲ. ಹಣ್ಣು, ಹೊರಗಿನ ಊಟದ ಬಳಕೆ ಏರಿರುತ್ತದೆ. ಆದಾಯ ಏರಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ನಮ್ಮ ದೇಶದ ಹಳ್ಳಿಗಳಲ್ಲಿ ಈ ಪಾಲು 1999–2000ರಲ್ಲಿ ಶೇ 59ರಷ್ಟಿತ್ತು, 2022–23ಕ್ಕೆ ಶೇ 46ಕ್ಕೆ ಬಂತು. ನಿಮ್ಮ ಮನೆಯ ಅಂಕಿಯನ್ನೂ ಪ್ರತಿ ಮಾರ್ಚ್‌ನಲ್ಲಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ.